ಬಾಲದ ಮೇಲೆ ಕೂರುವ ನ್ಯಾಟ್: ಭಾರ ಎಲ್ಲಿ ಇಡಲಿ?

ಪ್ರಶ್ನೆ
ನಮಸ್ಕಾರ. 1/72 ಅಳತೆಯ ನ್ಯಾಟ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ ಕಟ್ಟುತ್ತಿದ್ದೇನೆ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಬಂದ ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳ ಜೊತೆ ನ್ಯಾಟ್‌ನಲ್ಲೇ ಕಾದಾಡಿ ಪ್ರಾಣ ಕೊಟ್ಟ ನಮ್ಮ ವಾಯುಪಡೆಯ ಪೈಲಟ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಅವರ ನೆನಪಿಗೆ. ನಮ್ಮಪ್ಪ ಬೆಂಗಳೂರಿನ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ ನ್ಯಾಟ್‌ಗೆ ರಿವೆಟ್ ಹೊಡೆದವರು. ಹಾಗಾಗಿ ಸುಮ್ನೆ ಅಂಟಿಸಿಡಲು ಮನಸ್ಸಿಲ್ಲ. ರೆಕ್ಕೆ ತುದಿಯಿಂದ ತುದಿಗೆ 9 ಸೆಂ.ಮೀ. ಚಿಲ್ಲರೆ, ಅಂಗೈಯಲ್ಲಿ ಕೂರುತ್ತದೆ. ಆದರೆ ಅಂಟಿಸುವ ಮುಂಚೆ ಟೇಪ್ ಸುತ್ತಿ ನಿಲ್ಲಿಸಿದರೆ ಮೂಗೆತ್ತಿ ಬಾಲದ ಮೇಲೆ ಕೂರುತ್ತಿದೆ. ಹಳೇ ರೆಕ್ಕೆಯೊಂದರ ಮೇಲೆ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಹಚ್ಚಿ ನೋಡಿದೆ, ಸುತ್ತ ಬೆಳ್ಳಗೆ ಮಂಜು ಕಟ್ಟಿತು. ಏನು ಮಾಡಲಿ?

ಉತ್ತರ 1
ಮೀನು ಗಾಳದ ಸೀಸದ ಗುಂಡು ತನ್ನಿ. ಮೂಗಿನ ತುದಿಗೇ ತುಂಬಿ, ಹಿಂದೆ ಹೋದಷ್ಟೂ ಜಾಸ್ತಿ ಭಾರ ಬೇಕಾಗುತ್ತದೆ. ಮುಟ್ಟಿದ ಮೇಲೆ ಕೈ ತೊಳೆಯಿರಿ.

ಉತ್ತರ 2
ಡೆಕಾಲನ್ನು ಹೊಳಪಿಲ್ಲದ ಮ್ಯಾಟ್ ಬಣ್ಣದ ಮೇಲೆ ಹಚ್ಚಿದ್ದೀರಿ ಅಲ್ವಾ? ಆ ಒರಟಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಮೊದಲು ಹೊಳಪಿನ (ಗ್ಲಾಸ್) ವಾರ್ನಿಷ್, ಚೆನ್ನಾಗಿ ಒಣಗಿದ ಮೇಲೆ ಡೆಕಾಲ್, ಕೊನೆಗೆ ಮ್ಯಾಟ್ ವಾರ್ನಿಷ್.
ಇನ್ನೊಂದು, ಎರಡು 30 ಮಿ.ಮೀ. ಏಡೆನ್ ಫಿರಂಗಿಗಳ ಬಾಯಿ ಎಂಜಿನ್‌ಗೆ ಗಾಳಿ ಎಳೆಯುವ ಗೂಡುಗಳ ಪಕ್ಕದಲ್ಲೇ ಇದೆ. ಸಣ್ಣ ಡ್ರಿಲ್‌ನಿಂದ ಕೈಯಲ್ಲೇ ತಿರುಗಿಸಿ ಕೊರೆಯಿರಿ. ಅಷ್ಟರಿಂದಲೇ ಜೀವ ಬರುತ್ತದೆ.

ಕೇಳಿದವರು
ಮೂಗಿಗೆ ಏಳು ಗುಂಡು ಹಾಕಿದೆ, ಮೂರೂ ಚಕ್ರ ಊರಿ ನಿಂತಿತು! ಚಕ್ರದ ಬಾಗಿಲುಗಳನ್ನು ತೆರೆದೇ ಅಂಟಿಸುತ್ತೇನೆ. ಹಾರುವಾಗ ವೇಗ ತಗ್ಗಿಸುವ ಏರ್‌ಬ್ರೇಕ್ ಅವೇ ಅಂತ ಅಪ್ಪ ಹೇಳುತ್ತಿದ್ದರು.