ಮೊಲಕ್ಕೆ ಕೃತಕ ಗರ್ಭಧಾರಣೆ: 24ರಲ್ಲಿ 7 ಮಾತ್ರ ಗಬ್ಬ, ತಪ್ಪು ಎಲ್ಲಿ?

ಚಳ್ಳಕೆರೆ ಶೆಡ್:
ನ್ಯೂಜಿಲೆಂಡ್ ವೈಟ್, 24 ಹೆಣ್ಣು, 4 ಗಂಡು, ತಗಡಿನ ಶೆಡ್. ಮೇ ಕೊನೇಲಿ ಒಂದೇ ದಿನ ಎಲ್ಲಕ್ಕೂ ವೀರ್ಯ ಹಾಕಿದ್ದು. 1:5 ತೆಳು ಮಾಡಿ ತಲಾ 0.5 ಮಿಲಿ, ಕೂಡಲೇ ತೊಡೆಗೆ ಬುಸೆರೆಲಿನ್ (ಅಂಡ ಬಿಡಿಸೋ ಹಾರ್ಮೋನ್ ಚುಚ್ಚುಮದ್ದು) 0.2 ಮಿಲಿ. 12ನೇ ದಿನ ಹೊಟ್ಟೆ ಹಿಡಿದು ನೋಡಿದರೆ 7 ಮಾತ್ರ. ಖಾಲಿ ಇರೋ 17ಕ್ಕೆ ಈಗಲೇ ಮತ್ತೆ ಹಾಕಬಹುದಾ?

ದಾವಣಗೆರೆ ಪಶುವೈದ್ಯ:
ಬೇಡ, ತಡೀರಿ. ಮೊಲಕ್ಕೆ ಹಸುವಿನ ಹಾಗೆ ತಾನಾಗಿ ಅಂಡ ಬಿಡೋ ಚಕ್ರ ಇಲ್ಲ. ಗಂಡು ಹತ್ತಿದರೆ ಇಲ್ಲವೇ ಚುಚ್ಚುಮದ್ದು ಬಿದ್ದರೆ 10–12 ಗಂಟೇಲಿ ಅಂಡ ಹೊರಬೀಳುತ್ತೆ. ಅಂಡ ಬಿದ್ದೂ ಗಬ್ಬ ನಿಲ್ಲದಿದ್ದರೆ 16–18 ದಿನ ಸುಳ್ಳು ಗಬ್ಬ. ಅಷ್ಟು ದಿನ ಏನು ಹಾಕಿದರೂ ದಂಡ.

ನಿಮ್ಮ ಉತ್ತರವೂ ಅಲ್ಲೇ ಐತಿ. ಆ 17ರಲ್ಲಿ ಹಲವು ಮೊಲ 16–18ನೇ ದಿನದ ಹೊತ್ತಿಗೆ ಎದೆಯ ರೋಮ ಕಿತ್ತು ಗೂಡು ಮಾಡೋಕೆ ಹೊರಟರೆ ಚುಚ್ಚುಮದ್ದು ಕೆಲಸ ಮಾಡಿದೆ, ಕೆಟ್ಟಿದ್ದು ವೀರ್ಯ ಅಂತ ತಿಳೀರಿ. ಒಂದೂ ಕೀಳದೆ ಇದ್ದರೆ ಔಷಧಿ ಬಾಟಲಿ ಮೇಲೆ ಅನುಮಾನ: ತೆರೆದು ಎಷ್ಟು ದಿನ ಆಯ್ತು, ಎಲ್ಲಿಟ್ಟಿದ್ರಿ? ಮಿಲಿಗೆ 4 ಮೈಕ್ರೋಗ್ರಾಂ ಇರೋದಾದರೆ 0.2 ಮಿಲಿ, ಅಂದರೆ 0.8 ಮೈಕ್ರೋಗ್ರಾಂ, ಸರಿಯಾದ ಪ್ರಮಾಣವೇ.

ನನ್ನ ಗುಮಾನಿ ಗಂಡುಗಳ ಮೇಲೆ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ತಗಡಿನಡಿ ಇದ್ದ ಗಂಡು ಮೇಲೆ ಚುರುಕಾಗೇ ಕಾಣುತ್ತೆ, ಹತ್ತುತ್ತೆ, ವೀರ್ಯನೂ ಕೊಡುತ್ತೆ. ಆದರೆ ವೀರ್ಯಾಣು ತಯಾರಾಗಿ ಹೊರಬರೋಕೆ ಸುಮಾರು ಎರಡು ತಿಂಗಳು. ಏಪ್ರಿಲ್‌ನಲ್ಲಿ ಬೆಂದಿದ್ದು ಜೂನ್‌ವರೆಗೂ ಕಾಡುತ್ತೆ. ಹಾಕೋ ಮುಂಚೆ ಒಂದು ಹನಿ ಬೆಚ್ಚಗಿನ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದ್ರಾ? ನೂರರಲ್ಲಿ 70 ಮುಂದಕ್ಕೆ ಈಜಬೇಕು. ಹಳದಿ ಬಣ್ಣ, ಮೂತ್ರದ ವಾಸನೆ ಇದ್ದರೆ ಚೆಲ್ಲಿಬಿಡಿ. ಜೆಲ್ ಗಡ್ಡೆ ಇದ್ದರೆ ಮೊದಲು ತೆಗೀರಿ.

ಹಿರಿಯೂರು ಮೊಲ:
ವೀರ್ಯ ಒಂದೇ ಅಲ್ಲ, ಕೈಚಳಕವೂ ನೋಡ್ಕೊಳ್ಳಿ. ಮೂತ್ರನಾಳದ ಬಾಯಿ ಯೋನಿಯ ತಳಭಾಗದಲ್ಲಿ ಇರೋದರಿಂದ ಪೈಪೆಟ್ (ವೀರ್ಯ ಹಾಕೋ ನಳಿಕೆ) ನೇರ ತಳ್ಳಿದರೆ ಮೂತ್ರಕೋಶಕ್ಕೆ ಹೋಗುತ್ತೆ. ಬಾಗಿದ ತುದಿ ಬೆನ್ನಿನ ಕಡೆಗೆ ಮಾಡಿ ಒಳಬಿಡಿ. ಮೂತ್ರನಾಳ ದಾಟಿದ ಮೇಲೆ ಅರ್ಧ ಸುತ್ತು ತಿರುಗಿಸಿ 10–12 ಸೆಂ.ಮೀ. ಒಳಗೆ ನಿಧಾನಕ್ಕೆ ಬಿಡಿ. ತಡೆ ಸಿಕ್ಕರೆ ಒತ್ತಬೇಡಿ, ಹಿಂದೆಳೆದು ಮತ್ತೆ ಬಿಡಿ. ಒಂದು ಮೊಲಕ್ಕೆ ಒಂದೇ ಪೈಪೆಟ್.

ಯೋನಿಯ ತುಟಿ ಬಣ್ಣ ನೋಡಿದ್ರಾ? ಕೆಂಪಾಗಿ ಊದಿದ್ದರೆ ಬೆದೆ. ಬಿಳಚಿಕೊಂಡಿದ್ದರೆ ಚುಚ್ಚುಮದ್ದು ಕೊಟ್ಟರೂ ಗಬ್ಬ ನಿಲ್ಲೋದು ಕಡಿಮೆ. ಒಂದು ವಾರ ಮೊದಲಿಂದ ದಿನಕ್ಕೆ 16 ಗಂಟೆ ಬೆಳಕು ಕೊಟ್ಟರೆ ಬೆದೆ ಚೆನ್ನಾಗಿ ಬರುತ್ತೆ. ಪಿಎಂಎಸ್‌ಜಿ (ಬೆದೆಗೆ ತರೋ ಹಾರ್ಮೋನ್) ಪ್ರತಿ ಸಲ ಚುಚ್ಚೋದು ಬೇಡ, ಮೈಯಲ್ಲಿ ಅದರ ವಿರುದ್ಧ ಪ್ರತಿಕಾಯ ಹುಟ್ಟಿ ಆಮೇಲೆ ಕೆಲಸಕ್ಕೆ ಬರಲ್ಲ.

ಅಂದಹಾಗೆ 12ನೇ ದಿನ ಮುಟ್ಟಿದ್ದು ಪಿಚಕೆ (ಕರುಳಲ್ಲಿರೋ ಹಿಕ್ಕೆ) ಆಗಿರಬಹುದು, ಆ 7 ಕೂಡ ಇನ್ನೊಂದ್ಸಲ ನೋಡಿ. ಪಿಂಡ ಗೋಲಿಯ ಗಾತ್ರ, ಮೆತ್ತಗೆ, ಜಾರುತ್ತೆ. ಪಿಚಕೆ ಸಣ್ಣದು, ಗಟ್ಟಿ, ಬೆನ್ನೆಲುಬಿನ ಹತ್ತಿರ ಸಾಲಾಗಿ ಸಿಗುತ್ತೆ.

ಚಳ್ಳಕೆರೆ ಶೆಡ್:
ಸೂಕ್ಷ್ಮದರ್ಶಕದಲ್ಲಿ ನೋಡಿಲ್ಲ. ವೀರ್ಯ ಎಳೆದಿದ್ದು ಮೆಡಿಕಲ್‌ನಲ್ಲಿ ಸಿಗೋ ಸಾಮಾನ್ಯ ಸಿರಿಂಜಿನಲ್ಲಿ, ಒಳಗೆ ಕಪ್ಪು ರಬ್ಬರ್ ಇರೋದು. 4 ಗಂಡಿನದ್ದನ್ನೂ ಬೆರೆಸಿ ಹಾಕಿದ್ದು.

ದಾವಣಗೆರೆ ಪಶುವೈದ್ಯ:
ಆ ರಬ್ಬರ್ ವೀರ್ಯಾಣುವಿಗೆ ವಿಷ. ರಬ್ಬರ್ ಇಲ್ಲದ, ಎರಡೇ ಭಾಗದ ಪ್ಲಾಸ್ಟಿಕ್ ಸಿರಿಂಜ್ ತಗೊಳ್ಳಿ. ಬೆರೆಸೋದಕ್ಕೂ ಮುಂಚೆ ಒಂದೊಂದು ಗಂಡಿನದ್ದು ಬೇರೆ ಬೇರೆ ನೋಡಿ, ಒಂದು ಮೂತ್ರ ಬೆರೆತಿದ್ದರೂ ಎಲ್ಲಾ ಹಾಳು. ತೆಳು ಮಾಡೋ ದ್ರಾವಣ ವೀರ್ಯದಷ್ಟೇ ಬೆಚ್ಚಗಿರಲಿ, ಫ್ರಿಜ್ಜಿಂದ ತೆಗೆದು ನೇರ ಸುರೀಬೇಡಿ. ಉಳಿದಿದ್ದನ್ನ 16–18 ಡಿಗ್ರಿಯಲ್ಲಿ ಒಂದು ದಿನ ಇಡಬಹುದು.

ಗಂಡುಗಳ ಗೂಡಿನ ಮೇಲೆ ತೆಂಗಿನ ಗರಿ ಹೊದಿಸಿ, ವಾರಕ್ಕೆ ಎರಡು ದಿನ ಮಾತ್ರ ವೀರ್ಯ ತೆಗೀರಿ. 24 ಹೆಣ್ಣಿಗೆ 4 ಗಂಡು ಇದ್ದಾಗ ನೇರವಾಗಿ ಹಾಯಿಸಿದರೂ ಸಾಲುತ್ತೆ. ಜುಲೈ ಕೊನೆವರೆಗೆ ಹಾಗೇ ಮಾಡಿ, ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಿರಿ.