ಸಹಾಯ ಬೇಕು: ವಿಂಡ್‌ಸರ್ಫಿಂಗ್ ಕಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಮೂಲ್ಕಿ ಕಡೆಯವನು. ಗೋವಾದಲ್ಲಿ ವಿಂಡ್‌ಸರ್ಫಿಂಗ್ (ಹಾಯಿ ಇರುವ ಬೋರ್ಡ್ ಮೇಲೆ ನಿಂತು ಗಾಳಿಯ ಬಲದಿಂದ ನೀರಿನಲ್ಲಿ ಸಾಗುವುದು) ಕಲಿತು ಆರು ವರ್ಷ ಆಯಿತು. ಈಗ ಅಕ್ಕನ ಮಕ್ಕಳು, ಅವರ ಗೆಳೆಯರು "ನಮಗೂ ಕಲಿಸಿ ಮಾಮ" ಅಂತ ಬೆನ್ನು ಬಿದ್ದಿದ್ದಾರೆ.

ಕಳೆದ ಭಾನುವಾರ ಶಾಂಭವಿ ಹೊಳೆಯಲ್ಲಿ ಶುರು ಮಾಡಿದೆ. ನಮಗೆ ಬರುವುದೇ ಬೇರೆ, ಕಲಿಸುವುದೇ ಬೇರೆ ಅಂತ ಅವತ್ತೇ ಗೊತ್ತಾಯಿತು. ನೀರಿನಿಂದ ಹಾಯಿ ಎತ್ತುವಾಗ ಎಲ್ಲರೂ ಸೊಂಟ ಬಗ್ಗಿಸಿ ಜಗ್ಗುತ್ತಾರೆ. ಹತ್ತು ಸಲಕ್ಕೆ ಸುಸ್ತು. ಮಂಡಿ ಬಗ್ಗಿಸಿ ಮೈಭಾರ ಹಿಂದಕ್ಕೆ ಬಿಡಿ, ನೀರು ಇಳಿದ ಮೇಲೆ ಹಾಯಿ ಹಗುರಾಗುತ್ತದೆ ಅಂದರೂ ಯಾರೂ ಕಾಯುವುದಿಲ್ಲ. ಬೋರ್ಡಿಗೆ ಚುಕ್ಕಾಣಿ ಇಲ್ಲ ಎಂಬುದು ಇನ್ನೊಂದು ಗೊಂದಲ. ಮಾಸ್ಟ್ (ಹಾಯಿಯ ಕಂಬ) ಮುಂದಕ್ಕೆ ಬಾಗಿಸಿದರೆ ಬೋರ್ಡ್ ಗಾಳಿಯಿಂದ ಆಚೆ ತಿರುಗುತ್ತದೆ, ಹಿಂದಕ್ಕೆ ಬಾಗಿಸಿದರೆ ಗಾಳಿಯ ಕಡೆಗೆ. ಇದನ್ನು ಮೊದಲು ಮರಳಿನ ಮೇಲೆಯೇ ಅಭ್ಯಾಸ ಮಾಡಿಸಿದವರು ಯಾರಾದರೂ ಇದ್ದೀರಾ? ಹೇಗೆ ಮಾಡಿಸಿದಿರಿ?

ನನ್ನ ಹಾಯಿ 5.5 ಚದರ ಮೀಟರ್, ಮಕ್ಕಳಿಗೆ ಜಾಸ್ತಿ ಆಯಿತು. 2ರಿಂದ 3 ಚದರ ಮೀಟರಿನ ಹಳೆಯ ಹಾಯಿ ಮಾರುವವರಿದ್ದರೆ ತಿಳಿಸಿ. ಸ್ವಲ್ಪ ತೇಪೆ ಇದ್ದರೂ ಪರವಾಗಿಲ್ಲ.

ಸುಮ್ನೆ ಅಂದಾಜಿನಲ್ಲಿ ಕಲಿಸಲು ಭಯ. ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದಲ್ಲ, ಹೊಸಬರನ್ನು ಸೀದಾ ಒಳಗೆ ಒಯ್ದುಬಿಡುತ್ತದೆ. ಹಾಗಾಗಿ ಸದ್ಯಕ್ಕೆ ಹೊಳೆ ಮಾತ್ರ, ಲೈಫ್ ಜಾಕೆಟ್ ಕಡ್ಡಾಯ. ಬ್ರಿಟನ್ನಿನ ಆರ್‌ವೈಎ (ರಾಯಲ್ ಯಾಟಿಂಗ್ ಅಸೋಸಿಯೇಷನ್) ಬೋಧಕರ ತರಬೇತಿ ಪಡೆದ ಕನ್ನಡಿಗರಿದ್ದರೆ ದಯವಿಟ್ಟು ಹೇಳಿ: ಪ್ರಥಮ ಚಿಕಿತ್ಸೆ, ಪವರ್‌ಬೋಟ್ (ಮೋಟಾರು ದೋಣಿ) ಪ್ರಮಾಣಪತ್ರಗಳನ್ನು ಇಲ್ಲೇ ಮುಗಿಸಿಕೊಂಡು ಹೋದಿರಾ, ಅಲ್ಲೇ ಮಾಡಿದಿರಾ? ಒಟ್ಟು ಖರ್ಚು ಎಷ್ಟಾಯಿತು?