ನಿಂತ ಟ್ರ್ಯಾಲಿಗೆ ಕಾರು ಬಡಿದಾಗ: ಅಲ್ಲೇ ರಾಜಿ ಆಗಬಹುದೇನ್ರಿ?

ಪ್ರಶ್ನೆ (ಕಾರಟಗಿ): ಸರ್, ನಿನ್ನೆ ರಾತ್ರಿ ಸಿಂಧನೂರು ರೋಡಿನಾಗ ಭತ್ತದ ಟ್ರ್ಯಾಲಿ ಪಂಕ್ಚರ್ ಆಗಿ ನಿಂತಿತ್ತು. ಹಿಂದ ರೇಡಿಯಂ ಇಲ್ಲ, ಲೈಟಿಲ್ಲ. ತಮ್ಮನ ಕಾರು ಅದರ ಮೂಲಿಗೆ ಬಡದೈತಿ. ಯಾರಿಗೂ ಪೆಟ್ಟಾಗಿಲ್ಲ. ಕಾರು ನೂಕಿ ಬಂಕಿನಾಗ ನಿಲ್ಲಿಸೀವಿ, ಕೆಳಗ ಎಣ್ಣಿ ಸೋರಾಕತ್ತೈತಿ. ಟ್ರ್ಯಾಕ್ಟರ್ ಮಾಲಕ್ರು 20 ಸಾವಿರ ಕೊಡ್ರಿ, ನಿಮ್ಮದ ತಪ್ಪು ಅಂತ ಬರದು ಸಹಿ ಮಾಡ್ರಿ ಅಂತಾರ. ಕೊಡಬೇಕೇನ್ರಿ? ಗಾಡಿ ನಿಧಾನಕ್ಕ ಓಡಿಸ್ಕೊಂಡು ಗ್ಯಾರೇಜಿಗೆ ಒಯ್ಯಬಹುದಾ?

ಉತ್ತರ (ವಿಮೆ ಸರ್ವೇಯರ್, ಬಳ್ಳಾರಿ): ಎರಡನೇದಕ್ಕೆ ಮೊದಲು ಹೇಳ್ತೀನಿ, ದೊಡ್ಡ ಖರ್ಚು ಇರೋದು ಅಲ್ಲೇ. ಚಾವಿ ತಿರುಗಿಸಬೇಡ್ರಿ. ಸಣ್ಣ ಕಾರಿನ ಎಂಜಿನ್‌ನಲ್ಲಿ ಇರೋದೇ ಮೂರು–ನಾಲ್ಕು ಲೀಟರ್ ಆಯಿಲ್. ಸಂಪ್ (ಎಂಜಿನ್ ಕೆಳಗಿನ ಆಯಿಲ್ ತಟ್ಟೆ) ಒಡೆದು ಅದು ಖಾಲಿಯಾದ ಮೇಲೆ ಓಡಿಸಿದರೆ ಬೇರಿಂಗ್ ಹಿಡಿದು ಎಂಜಿನ್ ಸೀಜ್ ಆಗುತ್ತೆ, ಅಂದರೆ ಜಾಮ್ ಆಗಿ ನಿಂತುಬಿಡುತ್ತೆ. ಸಂಪ್ ಒಡೆದದ್ದು ಅಪಘಾತದ ಹಾನಿ, ಬರೀ ಥರ್ಡ್ ಪಾರ್ಟಿ ಅಲ್ಲದೆ ಸ್ವಂತ ಗಾಡಿಗೂ ವಿಮೆ ಇದ್ದರೆ ಪಾಲಿಸಿ ಕೊಡುತ್ತೆ. ಆಮೇಲೆ ಓಡಿಸಿ ಎಂಜಿನ್ ಹೋದರೆ ಅದು ನೀವು ಮಾಡಿಕೊಂಡ ಹಾನಿ, ಕ್ಲೇಮಿನಲ್ಲಿ ಕಡಿತ. ರೇಡಿಯೇಟರ್ ಒಡೆದು ಕೂಲೆಂಟ್ ಸುರಿದರೂ ಇದೇ ಮಾತು. ಮುಂದಿನ ಚಕ್ರ ಎತ್ತಿ ಒಯ್ಯುವ ಟೋಯಿಂಗ್ ಗಾಡಿ ಕರೆಸಿ. ಆಟೋಮ್ಯಾಟಿಕ್ ಅಥವಾ ಎಲೆಕ್ಟ್ರಿಕ್ ಕಾರಾದರೆ ನಾಲ್ಕೂ ಚಕ್ರ ಮೇಲೇರಿಸುವ ಫ್ಲಾಟ್‌ಬೆಡ್ಡೇ ಬೇಕು.

ಇನ್ನು 20 ಸಾವಿರ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ಹಣ ಕೊಡ್ತೀವಿ ಅನ್ನಬಾರದು, ಕೊಡಲೂಬಾರದು ಅಂತ ಪಾಲಿಸಿಯ ಷರತ್ತಿನಲ್ಲೇ ಇದೆ. ಸಹಿ ಹಾಕಿದ ಚೀಟಿ ನಾಳೆ ನಿಮ್ಮ ಮೇಲೇ ಸಾಕ್ಷಿ. ಅವರ ಟ್ರ್ಯಾಲಿಗೆ ನಿಜಕ್ಕೂ ನಷ್ಟ ಆಗಿದ್ದರೆ ಖಾಸಗಿ ಕಾರಿನ ಥರ್ಡ್ ಪಾರ್ಟಿ ವಿಮೆ ಆಸ್ತಿ ಹಾನಿಗೆ 7.5 ಲಕ್ಷದವರೆಗೆ ಕೊಡುತ್ತೆ.

ಟ್ರ್ಯಾಲಿ ಇನ್ನೂ ಅಲ್ಲೇ ಇದ್ದರೆ ಈಗಲೇ ಹೋಗಿ ಫೋಟೋ ತೆಗೀರಿ. ಟ್ರ್ಯಾಕ್ಟರ್‌ನದು ಒಂದು ನಂಬರ್, ಟ್ರ್ಯಾಲಿಯದು ಇನ್ನೊಂದು, ಎರಡೂ ಬೇಕು. ಹಿಂಭಾಗದಲ್ಲಿ ರೇಡಿಯಂ ಇಲ್ಲದ್ದು, ರಸ್ತೆ ಮೇಲಿನ ಬ್ರೇಕ್ ಗುರುತು, ಒಡೆದ ಗಾಜು, ಹತ್ತಿರದ ಕಿಲೋಮೀಟರ್ ಕಲ್ಲು ಕಾಣಬೇಕು. ಬರೀ ಬಂಪರ್ ಫೋಟೋ ಯಾವ ಜಗಳಕ್ಕೂ ಬರಲ್ಲ.

ಪ್ರಶ್ನೆ (ಅವರೇ): ಸರ್, ಟ್ರ್ಯಾಲಿ ಟೈರ್ ಬಿಚ್ಚಾಕತ್ತಿದ್ದ ಹುಡುಗನಿಗೆ ಈಗ ಮೊಳಕಾಲು ಬಾತೈತಂತ. ಕೇಸ್ ಆಗ್ತದೇನ್ರಿ?

ಉತ್ತರ (ವಕೀಲರು, ಗಂಗಾವತಿ): ಹಾಗಾದರೆ ಲೆಕ್ಕವೇ ಬೇರೆ. ಮೊದಲು 108ಕ್ಕೆ ಫೋನ್ ಮಾಡಿ ಹುಡುಗನನ್ನು ತಾಲೂಕು ಆಸ್ಪತ್ರೆಗೆ ಸೇರಿಸಿ, ಎಕ್ಸ್‌ರೇ ಆಗಲಿ. ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ಗಾಯದ ದಾಖಲೆ) ಬರೆದು ಆಸ್ಪತ್ರೆಯವರೇ ಠಾಣೆಗೆ ತಿಳಿಸ್ತಾರೆ. ಅದಕ್ಕೂ ಮುಂಚೆ ನಿಮ್ಮ ತಮ್ಮ ತಾನಾಗೇ ಹೋಗಿದ್ದರೆ ಒಳ್ಳೇದು. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸೋದು, 24 ಗಂಟೆಯೊಳಗೆ ಠಾಣೆಗೆ ವರದಿ ಮಾಡೋದು, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸೋದು ಚಾಲಕನ ಕರ್ತವ್ಯ. ಜನ ಹೊಡೆಯೋಕೆ ಬಂದರೆ ಅಲ್ಲಿ ನಿಲ್ಲಬೇಕಂತಿಲ್ಲ, ನೇರ ಠಾಣೆಗೆ ಹೋಗಬಹುದು. ರಾಯಚೂರು ಜಿಲ್ಲೆ ಸರಹದ್ದು, ಇಲ್ಲಿ ಬರಲ್ಲ ಅಂತ ಠಾಣೆಯವರು ವಾಪಸ್ ಕಳಿಸಿದರೆ ಝೀರೋ ಎಫ್‌ಐಆರ್ ಕೇಳಿ, ಅಂದರೆ ಸರಹದ್ದು ಯಾವುದೇ ಇರಲಿ ದೂರು ದಾಖಲಿಸಿಕೊಳ್ಳೋದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಅದಕ್ಕೆ ಅವಕಾಶ ಇದೆ.

ನಿರ್ಲಕ್ಷ್ಯ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಹಾಕ್ತಾರೆ, ಅದು ರಾಜಿಯಿಂದ ಮುಗಿಯೋ ಕಲಂ ಅಲ್ಲ. 20 ಸಾವಿರ ಕೊಟ್ಟರೂ ಕೇಸ್ ಹಾಗೇ ಉಳಿಯುತ್ತೆ. ಆದರೆ ಲೈಟಿಲ್ಲದೆ ರಸ್ತೆಯಲ್ಲಿ ಅಪಾಯವಾಗುವಂತೆ ಗಾಡಿ ಬಿಟ್ಟಿದ್ದು ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಪ್ರಕಾರ ಅವರ ತಪ್ಪೂ ಹೌದು. ನಿಮ್ಮ ಹೇಳಿಕೆಯಲ್ಲಿ ಅದು ಮೊದಲ ದಿನವೇ ದಾಖಲಾಗಬೇಕು. ತಿಂಗಳ ನಂತರ ಹೇಳಿದರೆ ಕಟ್ಟಿದ ಕಥೆ ಅಂತಾರೆ. ಹುಡುಗನ ಮನೆಯವರಿಗೂ ಒಂದು ವಿಷಯ ತಿಳಿಸಿ: 2025ರ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಗುರುತಿಸಿದ ಆಸ್ಪತ್ರೆಗಳಲ್ಲಿ 7 ದಿನ, 1.5 ಲಕ್ಷದವರೆಗೆ ಚಿಕಿತ್ಸೆ ಇದೆ.

ಪ್ರಶ್ನೆ (ಅವರೇ): ಗ್ಯಾರೇಜಿನವರು ಇವತ್ತ ಬಂಪರ್ ಬಿಚ್ಚತೀವಿ ಅಂತಾರ್ರಿ.

ಉತ್ತರ (ಸರ್ವೇಯರ್): ಬೇಡ್ರಿ. ಗಾಯದ ಕೇಸಾದ್ದರಿಂದ ಮೊದಲು ಆರ್‌ಟಿಒ ನಿರೀಕ್ಷಕರು ಬ್ರೇಕ್ ನೋಡಿ ವರದಿ ಕೊಡಬೇಕು, ಆಮೇಲೆ ನಮ್ಮ ಸರ್ವೇ, ಆಮೇಲೆ ಸ್ಪ್ಯಾನರ್. ಝೀರೋ ಡೆಪ್ (ಸವಕಳಿ, ಅಂದರೆ ಭಾಗ ಹಳೆಯದಾದ್ದಕ್ಕೆ ಬೆಲೆ ಕಡಿತ, ಮಾಡದೆ ಕೊಡುವ ವಿಮೆ) ಇಲ್ಲದಿದ್ದರೆ ಬಂಪರ್‌ನಂಥ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ನಿಮ್ಮದು, ಗಾಜಿಗೆ ಸವಕಳಿ ಇಲ್ಲ. 1500 ಸಿಸಿವರೆಗಿನ ಕಾರಾದರೆ ಕ್ಲೇಮಿನಲ್ಲಿ ನೀವೇ ಭರಿಸಬೇಕಾದ ಕಡ್ಡಾಯ ಕಡಿತ 1000 ರೂಪಾಯಿ, ಅದಕ್ಕಿಂತ ದೊಡ್ಡದಾದರೆ 2000.